ಕ್ರೆಯಾನನ ಪಾತ್ರ ಕೇಳಿ ತಗೋ

ಪುಟ್ಟೀ, ನಿಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ ಸೋಫೋಕ್ಲೀಸನ ‘ಅಂತಿಗೊನೆ’ ಶುರುವಾಗುತ್ತದಂತೆ, ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಬೇಕಂತೆ. ಅಮ್ಮ ಹೇಳಿದಳು. ಅಮೆರಿಕದ ಹೈಸ್ಕೂಲುಗಳಲ್ಲಿ ಈ ನಾಟಕ ಓದಿಸುವುದು ಹಳೆಯ ರೂಢಿ. ನನ್ನದೊಂದು ಮಾತು ಕೇಳು. ಪಾತ್ರ ಹಂಚುವಾಗ ಅಂತಿಗೊನೆಗೆ ಕೈಯೆತ್ತಬೇಡ, ದೊರೆ ಕ್ರೆಯಾನನನ್ನು ಕೇಳಿ ತಗೋ.

ಅಣ್ಣನ ಹೆಣಕ್ಕೆ ಒಂದು ಹಿಡಿ ಮಣ್ಣು ಹಾಕಿದ್ದಕ್ಕೆ ಸಾಯಹೊರಟ ಹುಡುಗಿಯ ಪರ ನಿಲ್ಲುವುದನ್ನು ನಿನ್ನ ವಯಸ್ಸಿಗೆ ಯಾರೂ ಕಲಿಸಬೇಕಾಗಿಲ್ಲ. ಕ್ರೆಯಾನನ ಮಾತುಗಳನ್ನು ಬಾಯಿಬಿಟ್ಟು ಹೇಳಿದಾಗಲೇ ನಾಟಕದ ಭಾರ ತಿಳಿಯುವುದು. ಅವನ ಸ್ಥಿತಿ ನೋಡು. ನಿನ್ನೆಯಷ್ಟೇ ಯುದ್ಧ ಮುಗಿದಿದೆ. ಥೀಬ್ಸಿನ ಬಾಗಿಲಲ್ಲಿ ಅಂತಿಗೊನೆಯ ಒಡಹುಟ್ಟಿದವರಿಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ, ಪಟ್ಟ ಇವನ ತಲೆಗೆ ಬಂದಿದೆ. ಅವರಲ್ಲಿ ಪರದೇಶದ ಸೈನ್ಯ ಕಟ್ಟಿಕೊಂಡು ಹುಟ್ಟೂರಿನ ಮೇಲೇ ಏರಿಬಂದವನಿಗೆ ಇಲ್ಲಿ ಗೋರಿ ಇಲ್ಲ ಎಂದು ಆಜ್ಞೆ ಹೊರಡಿಸುತ್ತಾನೆ. ಕ್ರಿ.ಪೂ. 441ರ ಸುಮಾರಿಗೆ ಡಯೋನಿಸಸ್ ರಂಗಮಂದಿರದಲ್ಲಿ ಕೂತಿದ್ದ ಅಥೆನ್ಸಿನವರಿಗೆ ಇಷ್ಟು ವಿಚಿತ್ರವೆನಿಸಿರಲಾರದು, ಏಕೆಂದರೆ ಅವರ ಕಾನೂನೂ ದ್ರೋಹಿಯ ಹೆಣಕ್ಕೆ ತಮ್ಮ ನೆಲದಲ್ಲಿ ಜಾಗ ಕೊಡುತ್ತಿರಲಿಲ್ಲ. ಗಡಿಯಾಚೆ ಒಯ್ದು ಮಣ್ಣು ಮಾಡಿದರೆ ಮಾತ್ರ ಅಡ್ಡಿಯಿರಲಿಲ್ಲ. ಕ್ರೆಯಾನ್ ಆ ದಾರಿಯನ್ನೂ ಮುಚ್ಚಿ, ನಾಯಿ ಹದ್ದುಗಳು ತಿನ್ನಲಿ ಎಂದು ಹೆಣವನ್ನು ಬಯಲಲ್ಲಿಟ್ಟು ಕಾವಲು ಹಾಕುತ್ತಾನೆ. ನ್ಯಾಯ ಎಲ್ಲಿ ಮುಗಿದು ಹಟ ಎಲ್ಲಿ ಶುರುವಾಯಿತೆಂದು ಹುಡುಕುತ್ತಾ ಓದು. ಅಂತಿಗೊನೆಯನ್ನು ಮದುವೆಯಾಗಬೇಕಿದ್ದ ಮಗ ಹೀಮನ್ ಎಷ್ಟೊಂದು ವಿನಯದಿಂದ ಮಾತು ತೆಗೆಯುತ್ತಾನೆ, ಊರಿನವರು ಒಳಗೊಳಗೇ ಆ ಹುಡುಗಿಗಾಗಿ ಮರುಗುತ್ತಿದ್ದಾರೆಂದು ತಿಳಿಹೇಳುತ್ತಾನೆ. ಈ ವಯಸ್ಸಿನಲ್ಲಿ ಹುಡುಗನಿಂದ ಬುದ್ಧಿ ಕಲಿಯಬೇಕೇ ಎಂದು ಅಪ್ಪ ರೇಗುತ್ತಾನೆ. ಆ ದೃಶ್ಯದಲ್ಲಿ ನಿನ್ನ ದನಿ ತಾನಾಗಿ ಏರುತ್ತದೆ, ನೋಡುತ್ತಿರು.

ಹೆಣಕ್ಕೆ ಸಂಸ್ಕಾರವಾಗಬೇಕೇ ಬೇಡವೇ ಎಂಬ ಜಗಳ ಸೋಫೋಕ್ಲೀಸನ ‘ಏಜಾಕ್ಸ್’ನಲ್ಲೂ ಇದೆ. ಬಿಎಂಶ್ರೀಯವರ ‘ಅಶ್ವತ್ಥಾಮನ್’ ಹುಟ್ಟಿದ್ದು ಆ ನಾಟಕದಿಂದಲೇ, 1929ರಲ್ಲಿ. ರಜೆಗೆ ಬಂದಾಗ ಜೊತೆಯಲ್ಲಿ ಕೂತು ಓದೋಣ.

ಕ್ರೆಯಾನನ ಪಾತ್ರ ಎಂದರೆ ನನಗೆ ನೆಲ್ಸನ್ ಮಂಡೇಲಾ ನೆನಪಾಗುತ್ತಾರೆ. ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ‘ಅಂತಿಗೊನೆ’ ಆಡಿದಾಗ ಅವರು ಮಾಡಿದ್ದು ಆ ದೊರೆಯ ಪಾತ್ರವನ್ನೇ. ಅನ್ಯಾಯದ ಕಾನೂನನ್ನು ಮುರಿದು ಸೆರೆಯಾದವರು ಅಂತಿಗೊನೆಯ ಬಳಗದವರೇ ಅಲ್ಲವೇ? ಅಂಥವರು ಕಾನೂನು ಮಾಡಿದವನ ಬಾಯಲ್ಲಿ ಮಾತಾಡಿದರು. ತಮ್ಮ ಆತ್ಮಕಥೆಯಲ್ಲಿ ಅವರು ಕ್ರೆಯಾನನನ್ನು ಬರೀ ದುಷ್ಟನೆಂದು ತಳ್ಳಿಹಾಕುವುದಿಲ್ಲ. ಮೊದಮೊದಲು ಅವನಾಡುವ ಮಾತಿನಲ್ಲಿ ವಿವೇಕವಿದೆಯೆಂದು ಒಪ್ಪಿ, ಆಮೇಲೆ ಕರುಣೆ ಕಳೆದುಕೊಳ್ಳುವುದನ್ನು ಗುರುತಿಸುತ್ತಾರೆ. ಮುಂದೆ ನಾಡನ್ನು ಆಳಬೇಕಾಗಿದ್ದವರ ಓದು ಅದು.

ಅಂತಿಗೊನೆಯನ್ನೂ ದೇವತೆ ಮಾಡಿ ಕೂರಿಸಬೇಡ, ತಂಗಿ ಇಸ್ಮೀನಿಯ ಹತ್ತಿರ ಅವಳಾಡುವ ಮಾತು ಎಷ್ಟು ಕಟು! ಕ್ರೆಯಾನ್ ಅವಳನ್ನು ಜೀವಂತ ಮುಚ್ಚಿಸಹೊರಟ ಗವಿಗೆ ಹೊರಡುವ ಹೊತ್ತಿನಲ್ಲಂತೂ ಅವಳೊಂದು ವಿಚಿತ್ರ ಲೆಕ್ಕ ಹೇಳುತ್ತಾಳೆ. ಸತ್ತವನು ಗಂಡನೋ ಮಗನೋ ಆಗಿದ್ದರೆ ಊರಿಗೆ ಎದುರು ಬೀಳುತ್ತಿರಲಿಲ್ಲವಂತೆ, ಅಪ್ಪ ಅಮ್ಮ ಇಲ್ಲದ ಮೇಲೆ ಒಡಹುಟ್ಟಿದವನು ಮತ್ತೆ ಸಿಗುವುದಿಲ್ಲವೆಂದೇ ಹೀಗೆ ಮಾಡಿದಳಂತೆ. ಮಹಾಕವಿ ಗಯಟೆಗೆ ಇದು ಸಹಿಸಲಿಲ್ಲ, ಈ ಸಾಲುಗಳು ಸೋಫೋಕ್ಲೀಸನವಲ್ಲವೆಂದು ಯಾರಾದರೂ ಸಾಧಿಸಿ ತೋರಿಸಲಿ ಎಂದು ಹಂಬಲಿಸಿದ. ಆದರೆ ಅರಿಸ್ಟಾಟಲ್ ಆಗಲೇ ಅವನ್ನು ಉದಾಹರಿಸಿದ್ದಾನೆ. ನನಗಂತೂ ಅವು ಬೇಕು. ಸಾವು ಕಣ್ಣೆದುರಿಗಿರುವಾಗ ಆ ಹುಡುಗಿ ತನ್ನ ಕೆಲಸಕ್ಕೆ ಕಾರಣ ಹುಡುಕಿ ತಡವರಿಸುತ್ತಾಳಲ್ಲ, ಅಲ್ಲೇ ಅವಳು ನನಗೆ ಹತ್ತಿರವಾಗುವುದು. ಕೆಲವು ಅನುವಾದಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ. ನಿನ್ನ ಪುಸ್ತಕದಲ್ಲಿದೆಯೇ ನೋಡಿಕೋ.

ಕೊನೆಗೆ ಪ್ರಬಂಧ ಬರೆಯಲು ಕೊಡುತ್ತಾರೆ. ದುರಂತ ನಾಯಕ ಯಾರು, ಅವನ ದೋಷ ಯಾವುದು ಎಂಬ ಪ್ರಶ್ನೆಯೇ ಇರಬಹುದು. ಈ ತರದ ಪ್ರಶ್ನೆಗಳೆಲ್ಲ ಹುಟ್ಟಿದ್ದು ಸೋಫೋಕ್ಲೀಸ್ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅರಿಸ್ಟಾಟಲ್ ಬರೆದ ಕಾವ್ಯಮೀಮಾಂಸೆಯಿಂದ. ‘ಅಹಂಕಾರ’ ಎಂದು ಒಂದೇ ಪದದಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಬೇಡ. ಕುರುಡ ಕಣಿಕಾರ ಟೈರೀಸಿಯಸ್ ಎಚ್ಚರಿಸಿ ಹೋದ ಮೇಲೆ ಕ್ರೆಯಾನ್ ನಡುಗಿ ಮೇಳದವರನ್ನು ಕೇಳುತ್ತಾನೆ, ಏನು ಮಾಡಲಿ ಎಂದು. ಹುಡುಗಿಯನ್ನು ಗವಿಯಿಂದ ಬಿಡಿಸು, ಹೆಣಕ್ಕೆ ಗೋರಿ ಕಟ್ಟಿಸು ಎನ್ನುತ್ತಾರೆ ಅವರು. ಅವನು ಒಪ್ಪುತ್ತಾನೆ. ಒಪ್ಪಿದವನು ಮೊದಲು ಹೋಗುವುದು ಹೆಣದ ಕಡೆಗೆ. ಅದನ್ನು ತೊಳೆಸಿ, ಸುಡಿಸಿ, ಮೇಲೆ ಮಣ್ಣು ಪೇರಿಸಿ ಆಮೇಲೆ ಗವಿಗೆ ಬರುತ್ತಾನೆ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಾಗಿದೆ. ಅವನ ಕಣ್ಣೆದುರಿಗೇ ಹೀಮನ್ ಕತ್ತಿಗೆ ಬೀಳುತ್ತಾನೆ, ಸುದ್ದಿ ಕೇಳಿದ ಅವನ ತಾಯಿಯೂ ಉಳಿಯುವುದಿಲ್ಲ.

ಜೀವ ಇದ್ದವಳನ್ನು ಬಿಟ್ಟು ಸತ್ತವನ ಕಡೆಗೇ ಮೊದಲು ಏಕೆ ಹೋದ? ದೇವರ ಭಯವೇ, ಮೊದಲ ತಪ್ಪನ್ನು ಮೊದಲು ತಿದ್ದಬೇಕೆಂಬ ಕ್ರಮವೇ, ಸೊಸೆಯಾಗಬೇಕಿದ್ದವಳ ಮುಖ ನೋಡಲು ಅಂಜಿಕೆಯೇ? ನಾಟಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವನ ಪಾತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದವಳಿಗೆ ಏನಾದರೂ ಹೊಳೆದಿರುತ್ತದೆ, ಅದನ್ನೇ ಬರಿ. ಬರೆದು ನನಗೂ ಒಂದು ಪ್ರತಿ ಕಳಿಸು, ನಿನ್ನ ಉತ್ತರ ನನಗೆ ನಿಜವಾಗಿಯೂ ಬೇಕು.