ಅನಿಲದೊಲೆಯ ಮುಂದೆ ಎರಡು ಮಾತು

ಹೊಗೆಯಿಂದಲೂ ಊದುಕೊಳವೆಯಿಂದಲೂ ನಮ್ಮ ಗೃಹಿಣಿಯರನ್ನು ಬಿಡುಗಡೆಗೊಳಿಸಿದ ಅನಿಲದೊಲೆಯು, ನಿತ್ಯಪರಿಚಯದ ಫಲವಾಗಿ, ನಮ್ಮಲ್ಲಿ ಒಂದು ಬಗೆಯ ಔದಾಸೀನ್ಯವನ್ನೂ ಬೆಳೆಸಿದೆಯೆಂಬುದು ಸುಳ್ಳಲ್ಲ. ಸಿಲಿಂಡರಿನೊಳಗಿನ 14.2 ಕಿಲೋಗ್ರಾಂ ಇಂಧನವು ಸ್ವಭಾವತಃ ನಿರ್ಗಂಧವಾದುದು. ಸೋರಿಕೆಯು ಮೂಗಿಗೆ ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ಗಂಧದ್ರವ್ಯವನ್ನು ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದ ಈ ಅನಿಲವು ಹೊಗೆಯಂತೆ ಮೇಲೇರದೆ, ನೆಲವನ್ನೇ ಹಿಡಿದು ಹರಡಿ ಮೂಲೆಗಳಲ್ಲಿ ಮಡುಗಟ್ಟುವುದರಿಂದ, ಮೇಲಿನ ಗವಾಕ್ಷಿ ತೆರೆದಿದೆಯೆಂದು ನಿಶ್ಚಿಂತರಾಗಿರುವುದು ಅವಿವೇಕವೇ ಸರಿ. ವಾಸನೆ ಬಂದೊಡನೆ ವಿದ್ಯುದ್ದೀಪದ ಸ್ವಿಚ್ಚನ್ನು ಹಾಕುವುದಾಗಲಿ ಆರಿಸುವುದಾಗಲಿ ಸಲ್ಲದು, ಎರಡರಲ್ಲಿಯೂ ಕಿಡಿ ಹುಟ್ಟುವ ಸಂಭವವುಂಟು; ದೇವರ ಮುಂದಿನ ದೀಪವನ್ನೂ ಊದುಬತ್ತಿಯನ್ನೂ ನಂದಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಗೆ ಬಂದ ಮೇಲೆಯೇ ಅನಿಲ ಸೋರಿಕೆಯ ತುರ್ತು ಸಹಾಯವಾಣಿಯಾದ 1906ಕ್ಕೆ ದೂರವಾಣಿ ಮಾಡತಕ್ಕದ್ದು.

ರಬ್ಬರ್ ಕೊಳವೆ ಸೋರುತ್ತಿದೆಯೇ ಎಂದು ಬೆಂಕಿಕಡ್ಡಿ ಗೀರಿ ನೋಡುವ ಶೂರರೂ ನಮ್ಮಲ್ಲಿ ಇಲ್ಲದಿಲ್ಲ! ಅಂಥವರಿಗೆ ಹೇಳುವುದಿಷ್ಟೇ: ಸಾಬೂನಿನ ನೊರೆಯನ್ನು ಸವರಿದರೆ, ಸೋರುವೆಡೆಯಲ್ಲಿ ಗುಳ್ಳೆಗಳೇಳುತ್ತವೆ. ಕೊಳವೆಯ ಮೈಮೇಲೆ ಅಚ್ಚಾಗಿರುವ ಅವಧಿಯನ್ನು ಓದಿ, ಅದು ಮುಗಿಯುವ ಮೊದಲೇ, ಬಿರುಕು ಕಂಡರೆ ಆ ಕ್ಷಣವೇ, ಬದಲಾಯಿಸಬೇಕು.

ಜ್ವಾಲೆಯು ನೀಲವರ್ಣವನ್ನು ತೊರೆದು ಹಳದಿಗೆ ತಿರುಗಿ, ಪಾತ್ರೆಯ ತಳ ಕಪ್ಪಾಗತೊಡಗಿದರೆ, ಉಕ್ಕಿದ ಹಾಲೋ ಗಂಜಿಯೋ ಬರ್ನರಿನ ರಂಧ್ರಗಳನ್ನು ಕಟ್ಟಿರಬಹುದು. ಆರಿ ತಣ್ಣಗಾದ ಬಳಿಕ ಸೂಜಿಯಿಂದ ಬಿಡಿಸಿ, ತೊಳೆದು, ಪೂರ್ಣವಾಗಿ ಒಣಗಿಸಿ ಕೂರಿಸಿರಿ. ರಾತ್ರಿ ಮಲಗುವ ಮುನ್ನ ಒಲೆಯ ತಿರುಗುಗುಂಡಿಯನ್ನಷ್ಟೇ ನಂಬದೆ, ದಯವಿಟ್ಟು ಸಿಲಿಂಡರಿನ ರೆಗ್ಯುಲೇಟರನ್ನೂ ಮುಚ್ಚಿರಿ.