ರಾಯದುರ್ಗದ ಬೆಟ್ಟದ ಮೇಲೊಂದು ಪಾಠ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ರಾಯದುರ್ಗದ ಬೆಟ್ಟ. ಚರಿತ್ರೆಯ ಉಪಾಧ್ಯಾಯನಾಗಿದ್ದಾಗ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ.

ಈ ಬೆಟ್ಟಕ್ಕೆ ಎರಡು ಭಾಗಗಳಿವೆ. ನಡುವಿನ ತಗ್ಗು ಅವನ್ನು ಕೂಡಿಸುತ್ತದೆ. ಕೆಳಭಾಗವನ್ನು ಏರುವುದು ಸುಲಭ. ಮೇಲುಕೋಟೆ ಇರುವ ಭಾಗವಾದರೋ ಕಡಿದಾದ ಬಂಡೆ. ಅದರ ಎತ್ತರ ಸಮುದ್ರಮಟ್ಟದಿಂದ 2,727 ಅಡಿ. ಕೆಳಗಿನ ಕೋಟೆ ಶತ್ರುವಶವಾದರೂ ಮೇಲೆ ನಿಂತು ಕಾದಬಹುದು. ಆದರೆ ಇಂಥ ಕೋಟೆಯ ಆಯುಸ್ಸು ಅಲ್ಲಿಯ ನೀರಿನಷ್ಟೇ. ಬಂಡೆಯ ದೊಣೆಯಲ್ಲಿ ಮಳೆಯ ನೀರು ನಿಂತಿರುವವರೆಗೆ ದಂಡು ನಿಲ್ಲುತ್ತದೆ. ಅದು ಬತ್ತಿದರೆ ಬಾಗಿಲು ತೆರೆಯಲೇಬೇಕು. ಬಿಸಿಲಿನಲ್ಲಿ ಏರಿ ಬಾಯಾರಿದ್ದ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇಲ್ಲಿ ಬೇಡರ ನಾಯಕರು ಪ್ರಬಲರಾಗಿದ್ದರು. ಕೋಟೆಯನ್ನು ಕಟ್ಟಿಸಿದವನು ಅವರಲ್ಲಿ ಜುಂಗ ನಾಯಕನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಅವರನ್ನು ಅಡಗಿಸಲು ವಿಜಯನಗರದ ಅರಸರು ಭೂಪತಿರಾಯನೆಂಬ ಅಧಿಕಾರಿಯನ್ನು ಕಳುಹಿಸಿದರಂತೆ. ಅವನಿಂದ ಭೂಪತಿರಾಯನಕೊಂಡವೆನಿಸಿದ ಬೆಟ್ಟ ಕ್ರಮೇಣ ರಾಯದುರ್ಗವಾಯಿತು. 1565ರ ರಕ್ಕಸತಂಗಡಿ ಯುದ್ಧದ ಅನಂತರ ಬೇಡರು ಮರಳಿದರು. ಕೋನೇಟಿ ನಾಯಕನು ಅವರನ್ನು ಮತ್ತೆ ಹೊರದೂಡಿದನು.

ಇಷ್ಟು ಹೇಳುವಷ್ಟರಲ್ಲಿ ಹಿಂದೆ ಕುಳಿತಿದ್ದ ಹುಡುಗನೊಬ್ಬ, ನಾಯಕರ ಮನೆಯವನೇ, ಎದ್ದುನಿಂತು ಕೇಳಿದ: “ಕಟ್ಟಿದವರು ನಮ್ಮೋರು, ಹೆಸರು ಮಾತ್ರ ಓಡಿಸಿದವರದ್ದು. ಇದ್ಯಾಕೆ ಸಾರ್?”

ಹೆಸರನ್ನು ಬರೆದಿಡುವವರು ಗೆದ್ದವರೆಂದು ಏನೋ ಹೇಳಿದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ.

ಅದಕ್ಕೇ ಅವರನ್ನು ರಸಸಿದ್ಧರ ಗುಹೆಗಳತ್ತ ಕರೆದೊಯ್ದೆ. ಜನ ಸಿದ್ಧರೆನ್ನುವ ಅಲ್ಲಿಯ ಶಿಲ್ಪಗಳು ನಿಜಕ್ಕೂ ಜೈನರವು. ಇದೇ ಊರಿನ ಶಾಸನವೊಂದು 1355ರಲ್ಲಿ ಭೋಗರಾಜನೆಂಬ ವರ್ತಕನು ಶಾಂತಿನಾಥ ಜಿನೇಶ್ವರನನ್ನು ಪ್ರತಿಷ್ಠಾಪಿಸಿದ್ದನ್ನು ತಿಳಿಸುತ್ತದೆ. ಅರಸನಲ್ಲ, ದಂಡನಾಯಕನಲ್ಲ, ಒಬ್ಬ ವ್ಯಾಪಾರಿ. ಅವನ ಹೆಸರು ಕಲ್ಲಿನಲ್ಲಿ ಉಳಿದಿದೆ. “ಹಾಗಾದರೆ ಬರೆಸಿದರೆ ಉಳಿಯುತ್ತದೆ” ಎಂದ ಹುಡುಗ.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಟಿಪ್ಪುವಿನ ಬಳಿಕ ನಿಜಾಮನಿಗೆ ಸೇರಿದ ಈ ಸೀಮೆ 1800ರಲ್ಲಿ ಕಂಪನಿಯ ಪಾಲಾಯಿತು. ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರುಗಳೊಂದಿಗೆ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ಓದುವ ಪುಸ್ತಕದಲ್ಲಿ ಈ ಬೆಟ್ಟದ ಮಾತನ್ನು ನಾವು ಉಪಾಧ್ಯಾಯರೇ ಸೇರಿಸಿಕೊಳ್ಳಬೇಕಾಯಿತು.

ಆ ವರ್ಷದ ಪರೀಕ್ಷೆಯಲ್ಲಿ ನಿಮ್ಮ ಸೀಮೆಯ ಕೋಟೆಯೊಂದನ್ನು ಕುರಿತು ಬರೆಯಿರಿ ಎಂದು ಕೇಳಿದ್ದೆ. ಆ ಹುಡುಗ ಉತ್ತರದ ಮೊದಲ ಸಾಲಿನಲ್ಲೇ ಜುಂಗ ನಾಯಕನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಅಡಿಗೆರೆ ಎಳೆದಿದ್ದ. ಪಠ್ಯದಲ್ಲಿಲ್ಲದ ಉತ್ತರವಾದರೂ ಪೂರ್ಣ ಅಂಕ ಕೊಟ್ಟೆ.