ಪೈಥಾನ್ ಪಾಠಕ್ಕೆ ಮುನ್ನ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಷಯ ಬರೆಯಹೊರಟನೆಂದರೆ ಕೆಲವರಿಗೆ ನಗು ಬಂದೀತು. ನಗಲಿ. ನಮ್ಮ ವಿಭಾಗದ ಪುಸ್ತಕಗಳ ಪಟ್ಟಿಯನ್ನು ಬ್ರೌಸರಿನಲ್ಲಿ ನೋಡುವಂತಾಗಬೇಕೆಂಬ ಹಂಬಲದಿಂದ ಕಳೆದ ವರ್ಷ ನಾನು ಪೈಥಾನ್ ಕಲಿಯತೊಡಗಿದೆ. ಮನೆಯಲ್ಲಿ ಕೇಳಿ ತಿಳಿಯೋಣವೆಂದರೆ, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಎಡವಿಯೇ ಕಲಿತೆ. ಮುಂದೆ ಇದೇ ದಾರಿ ಹಿಡಿಯುವ ಕಿರಿಯರಿಗಾಗಿ ಈ ನಾಲ್ಕು ಮಾತು.

ಗಿಡೊ ವಾನ್ ರೋಸಮ್ ಎಂಬ ಡಚ್ಚರವರು 1991ರಲ್ಲಿ ಲೋಕದ ಮುಂದಿಟ್ಟ ಈ ಭಾಷೆಗೂ ಹೆಬ್ಬಾವಿಗೂ ನಂಟಿಲ್ಲ. ಹೆಸರು ಬಂದುದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದಿಂದ. ಭಾಷೆ ಸುಲಭವೆಂದು ಬಲ್ಲವರು ಹೇಳುವುದು ನಿಜವೇ. ಆದರೆ ಮೊದಲ ಸಾಲು ಬರೆಯುವ ಮುಂಚಿನ ಸಿದ್ಧತೆಯಲ್ಲೇ ಅನೇಕರು ಸೋಲುತ್ತಾರೆ.

ನಾನು ಸೋತ ಬಗೆಯನ್ನು ಹೇಳುತ್ತೇನೆ. ವೆಬ್ ಪುಟಗಳನ್ನು ಕಟ್ಟಲು ಫ್ಲಾಸ್ಕ್ ಎಂಬ ಸಲಕರಣೆಯುಂಟು. ಆರ್ಮಿನ್ ರೊನಾಕರ್ ಎಂಬವರು ಅದನ್ನು 2010ರಲ್ಲಿ ಹೊರತಂದರು. ನಾವು ಹಲವರು ಹಂಚಿಕೊಂಡಿದ್ದ ಗಣಕದಲ್ಲಿ ಅದರ 2.2ನೆಯ ಆವೃತ್ತಿ ಇತ್ತು. ಹೊಸದೇ ಒಳ್ಳೆಯದೆಂದು ನಾನು ಯಾರನ್ನೂ ಕೇಳದೆ ಹೊಸ ಆವೃತ್ತಿ ಹಾಕಿದೆ. ನನ್ನ ಪುಟ ಚೆನ್ನಾಗಿ ಓಡಿತು. ಮರುದಿನ ಗೆಳೆಯನ ಪ್ರಾಜೆಕ್ಟ್ ಪರೀಕ್ಷೆ, ಅವನದು ಓಡಲಿಲ್ಲ. ಮೊದಲ ಕೋರಿಕೆ ಬರುವ ಮುನ್ನ ಕೋಷ್ಟಕಗಳನ್ನು ಅಣಿಮಾಡುವ ಒಂದು ಸೌಕರ್ಯವನ್ನು ಅವನು ಬಳಸಿದ್ದ, 2023ರ 2.3ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದರು. “ನಿನ್ನೆ ಓಡುತ್ತಿತ್ತಲ್ಲೋ!” ಎನ್ನುತ್ತ ಅವನು ತನ್ನ ಬರವಣಿಗೆಯಲ್ಲೇ ತಪ್ಪು ಹುಡುಕುತ್ತ ಕುಳಿತ. ತಪ್ಪು ನನ್ನದೆಂದು ನನಗೆ ತಿಳಿದುದು ಪರೀಕ್ಷೆ ಮುಗಿದ ಮೇಲೆ. ಹೇಳಿದೆ. ಒಂದು ವಾರ ಅವನು ನನ್ನೊಡನೆ ಮಾತನಾಡಲಿಲ್ಲ.

ನಮ್ಮ ತಾಯಿ ಹಾಲು ಕಾಯಿಸುವ ಪಾತ್ರೆಯಲ್ಲಿ ಹುಳಿ ಮಾಡುವುದಿಲ್ಲ. ಎಷ್ಟು ತೊಳೆದರೂ ಹಾಲು ಒಡೆದೀತೆಂಬ ಭಯ. ಓದು ಬಾರದ ಆಕೆ ಅಡಿಗೆಮನೆಯಲ್ಲಿ ಪಾಲಿಸುವ ಈ ಕ್ರಮ, ಪದವಿಗೆ ಓದುವ ನನಗೆ ಗಣಕದ ಮುಂದೆ ಹೊಳೆಯಲಿಲ್ಲ. ಪೈಥಾನಿನಲ್ಲಿಯೂ ಒಂದೊಂದು ಕೆಲಸಕ್ಕೆ ಒಂದೊಂದು ಪಾತ್ರೆ ಉಂಟು. ವೆನ್ವ್ ಎಂದು ಅದರ ಹೆಸರು. 2012ರಲ್ಲಿ ಬಂದ 3.3ನೆಯ ಆವೃತ್ತಿಯಿಂದಲೂ ಅದು ಪೈಥಾನಿನೊಡನೆಯೇ ದೊರೆಯುತ್ತದೆ.

ವಿಂಡೋಸ್ ಗಣಕವಾದರೆ, ಪೈಥಾನ್ ಇನ್‌ಸ್ಟಾಲರಿನ ಮೊದಲ ಪರದೆಯಲ್ಲಿ ‘ಪಾಥ್’ಗೆ ಸೇರಿಸುವ ಚೌಕಕ್ಕೆ ಗುರುತು ಹಾಕಲು ಮರೆಯಬಾರದು. ಆಮೇಲೆ ಕೆಲಸಕ್ಕೊಂದು ಫೋಲ್ಡರ್ ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ ಅದರೊಳಗೆ ಹೋಗಿ, “ಪೈಥಾನ್ -ಎಂ ವೆನ್ವ್ ಕೋಣೆ” ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು. ಕಡೆಯ ಪದ ನಾವಿಡುವ ಹೆಸರು. ಬಳಿಕ “ಕೋಣೆ\ಸ್ಕ್ರಿಪ್ಟ್ಸ್\ಆ್ಯಕ್ಟಿವೇಟ್” ಎಂದರೆ ಸಾಲಿನ ಮೊದಲಲ್ಲಿ ಕೋಣೆಯ ಹೆಸರು ಕಾಣಿಸುತ್ತದೆ. ಕಾಣಿಸದಿದ್ದರೆ ಮುಂದುವರಿಯಬೇಡಿ, ನೀವಿನ್ನೂ ಹೊರಗೇ ಇದ್ದೀರಿ. ಒಳಹೊಕ್ಕ ಮೇಲೆ “ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್”. ನಿಮ್ಮ ಕಡತಕ್ಕೆ ಮಾತ್ರ ಫ್ಲಾಸ್ಕ್ ಎಂದೇ ಹೆಸರಿಡಬೇಡಿ. ಇಟ್ಟರೆ ಪೈಥಾನ್ ನಿಜವಾದ ಫ್ಲಾಸ್ಕನ್ನು ಬಿಟ್ಟು ನಿಮ್ಮದನ್ನೇ ಎತ್ತಿಕೊಳ್ಳುತ್ತದೆ. ಇದಕ್ಕೆ ನಾನು ಒಂದು ಸಂಜೆ ತೆತ್ತಿದ್ದೇನೆ. ಆ್ಯಪ್ ಎಂಬ ಹೆಸರಿಟ್ಟು “ಫ್ಲಾಸ್ಕ್ ರನ್” ಎಂದರೆ 127.0.0.1:5000 ಎಂಬ ವಿಳಾಸದಲ್ಲಿ ಪುಟ ತೆರೆಯುತ್ತದೆ. ನಾನು ಕನ್ನಡದಲ್ಲಿ ಬರೆದ ‘ಪುಸ್ತಕಗಳ ಪಟ್ಟಿ’ ಕನ್ನಡದಲ್ಲೇ ಮೂಡಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ!

ಗೆಳೆಯನ ಪ್ರಾಜೆಕ್ಟಿಗೂ ಒಂದು ಕೋಣೆ ಕಟ್ಟಿ ಹಳೆಯ 2.2ನ್ನು ಹಾಕಿದೆ. ಆದರೂ ಓಡಲಿಲ್ಲ. ಫ್ಲಾಸ್ಕಿಗೆ ಆಧಾರವಾದ ವರ್ಕ್‌ಝೂಗ್ ಎಂಬುದು ತನ್ನ ಹೊಸ 3ನೆಯ ಆವೃತ್ತಿಯಾಗಿ ಒಳಬಂದಿತ್ತು. ಅದನ್ನೂ 2.2ಕ್ಕೇ ಇಳಿಸಿದ ಮೇಲೆ ಪುಟ ತೆರೆಯಿತು. ಕೂಡಲೇ “ಪಿಪ್ ಫ್ರೀಜ್” ಆದೇಶ ಕೊಟ್ಟು, ಕೋಣೆಯಲ್ಲಿರುವ ಎಲ್ಲದರ ಹೆಸರನ್ನೂ ಆವೃತ್ತಿಯನ್ನೂ ಒಂದು ಕಡತದಲ್ಲಿ ಬರೆಸಿ ಅವನಿಗೆ ಕೊಟ್ಟೆ. ಅವನು ಅದನ್ನು ಓದಿ ನೋಡಿ, “ಇದನ್ನು ಮೊದಲೇ ಮಾಡಬಾರದಿತ್ತೇನೋ?” ಎಂದ. ವಾರದ ಮೇಲೆ ಅವನಾಡಿದ ಮೊದಲ ಮಾತು ಅದು.